ತಾಯಿಯ ಕಡೆಯಿಂದ

ಕನಕಗಿರಿ ದಾಟಿ, ಜಾಲಿಕಂಟಿ ಸರಿಸಿಕೊಂಡು ಹೋದರೆ
ಯಾರೂ ಸೇದದ ಬಾವಿ.
ಐವತ್ತಮೂರು ಮೆಟ್ಟಿಲು. ಮೂವತ್ತನೆಯದರಲ್ಲಿ ಬಿಸಿಲು ನಿಂತುಬಿಡುತ್ತದೆ
ಒಳಗೆ ಕರೆಯದ ನೆಂಟನ ಹಾಗೆ.
ಅಲ್ಲಿಂದ ಕೆಳಗೆ, ಗಾರೆ ಬಿಟ್ಟ ಸಂದುಗಳಲ್ಲಿ
ಕೂದಲೆಳೆಯಂಥ ಕಪ್ಪು ಕಡ್ಡಿ, ಉಗುರಿನಗಲ ಎಲೆ:
ಜರಿಗಿಡ.

"ಜರಿ ಎಲ್ಲೈತ್ರಿ ಮೇಡಂ ಇದರಾಗ? ಅದು ಮದುವಿ ಸೀರಿಗೆ ಇರತೈತಿ,"
ಅಂದ ಜೀಪಿನ ಖಾಜಾಹುಸೇನ,
ಹಾವಿದ್ದೀತೆಂದು ಮೆಟ್ಟಿಲಿಗೆ ಕೋಲು ಕುಟ್ಟುತ್ತ.
ಎಲೆ ಮಗುಚಿ ತೋರಿಸಿದೆ. ಅಂಚು ಒಳಗೆ ಮಡಚಿ
ಉಡಿಯಲ್ಲಿ ಕಟ್ಟಿಕೊಂಡ ಕಂದು ಪುಡಿ.
ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ.
ಮೂಸಿದ. "ನಶ್ಯೆ ಇದ್ದಂಗೈತಿ." ಸೀನಿದ ಕೂಡ.
ಬಾವಿ ಎರಡು ಸಲ ಸೀನಿತು.

ಚಹಾಚೀಲದಲ್ಲಿ ಬೆರಳಷ್ಟು ಎಲೆ,
ಚೀಲ ನೀಲಿ ಸಿಲಿಕಾ ಹರಳಿನ ಡಬ್ಬಿಯಲ್ಲಿ.
ಸಂಜೆಗೆ ಹರಳು ಗುಲಾಬಿಗೆ ತಿರುಗಿದವು
ಎಲೆಯ ನೀರು ಕುಡಿದು.

ಆನೆಗೊಂದಿ ಕಡೆಯ ಬಂಡೆಗಳ ಮೇಲೆ ತಿಪ್ಪವ್ವ ಸಿಕ್ಕಳು,
ಸಂತೆಯಲ್ಲಿ ನಾರುಬೇರು ಮಾರುವವಳು.
ಮುಷ್ಟಿ ಬಿಗಿದು ಸತ್ತಂತಿದ್ದ ನವಿಲುಶಿಖೆಯ ಎರಡು ಗಿಡ
ಎರಡು ಅಂಗೈಯಲ್ಲಿ ಹಿಡಿದು,
ನನ್ನ ಭೂತಗನ್ನಡಿಯನ್ನು ಕಿರುಗಣ್ಣಲ್ಲಿ ನೋಡಿ:
"ಇದು ಬ್ಯಾರೆ, ಅದು ಬ್ಯಾರೆ.
ಮಳಿ ಬಿದ್ದ ಮರುದಿನ ಇದು ಏಳತೈತಿ.
ಅದಕ್ಕ ಮೂರು ದಿನ ಬೇಕು, ಭಾಳ ಸೊಕ್ಕು."
ನನ್ನ ಕಣ್ಣಿಗೆ ಎರಡೂ ಒಂದೇ. ಪುಸ್ತಕಕ್ಕೂ ಒಂದೇ.
ಎರಡು ಚೀಲ, ಎರಡು ಅಂಕಿ: ಹದಿನೇಳು, ಹದಿನೆಂಟು.

ಕೊಪ್ಪಳದ ನಮ್ಮ ಪ್ರಯೋಗಾಲಯದಲ್ಲಿ ಏಪ್ರಿಲ್ಲಿನ ಕರೆಂಟು
ಬಂದಷ್ಟೇ ಸಲ ಹೋಗುತ್ತದೆ.
ಫ್ರೀಜರ್ ಬೆವರಿದಾಗ ಮೀನಿನಂಗಡಿಯಿಂದ ಐಸು ತಂದು
ಕಿಣ್ವದ ಸೀಸೆಗಳನ್ನು ಹೂಳಿದ್ದೇನೆ,
ಇಡೀ ವಾರ ಕೈಗೆ ಹೊಳೆಯ ವಾಸನೆ.
ಎಲೆ ಅರೆದು, ಸೋಸಿ, ತಿರುಗಿಸಿ, ಕೊನೆಗೆ
ಇದೆಯೋ ಇಲ್ಲವೋ ಎಂಬಂಥ ಒಂದು ಹನಿ ಹೈದರಾಬಾದಿಗೆ ಹೋಯಿತು.
ಬಂದದ್ದು ಅಕ್ಷರ: ಎ, ಟಿ, ಜಿ, ಸಿ.
ನಾಲ್ಕರಲ್ಲೇ ಕಟ್ಟಿದ, ಆರುನೂರು ಅಕ್ಷರದುದ್ದದ ಹೆಸರು,
ಸಾಬೂನಿನ ಪೊಟ್ಟಣದ ಮೇಲಿನ ಕರಿಗೆರೆಗಳ ಹಾಗೆ.

ಹದಿನೇಳರ ಕೆಳಗೆ ಹದಿನೆಂಟನ್ನಿಟ್ಟು
ಬೆರಳಿಟ್ಟು ಓದಿದೆ. ಒಂದಕ್ಷರವೂ ಬೇರೆಯಿಲ್ಲ.
ತಿಪ್ಪವ್ವ ತಪ್ಪಿದಳು ಎಂದು ಬರೆಯಲಿದ್ದೆ.
"ತಡಿ," ಅಂದರು ಸಾಲಿಮಠ ಮೇಡಂ,
"ಈ ತುಣುಕು ಎಲೆಯ ಹಸಿರು ಕಣದ್ದು. ಹಸಿರು ಬರುವುದು ತಾಯಿಯಿಂದ.
ತಂದೆ ಯಾರೇ ಇರಲಿ, ಇದು ತಾಯಿಯನ್ನಷ್ಟೇ ಹೇಳುತ್ತದೆ."

ಆ ಮಾತು ನಾನು ಮೊದಲೂ ಕೇಳಿದ್ದೆ.
ಕಾರಟಗಿಯ ಶಾಲೆ, ಜೂನ್, ದಾಖಲಾತಿ ಪುಸ್ತಕದ ಮೇಲೆ ನೊಣ.
ಹೆಡ್‌ಮಾಸ್ತರರ ಪೆನ್ನು ಒಂದು ಕಲಮಿನ ಮುಂದೆ ನಿಂತಿತು.
ಅವ್ವನ ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ.
ಅದನ್ನು ನೋಡಿದವರು ಕೇಳಲೂ ಇಲ್ಲ, ಕೇಳದೆ ಬಿಡಲೂ ಇಲ್ಲ.
"ಗಾಳೆವ್ವ ಅಂತ ಬರಕೋರಿ," ಅಂದಳು ಅವ್ವ.
"ಅದು ತಾಯಿ ಹೆಸರಾತು. ತಂದಿದು?"
"ಅಲ್ಲೂ ಗಾಳೆವ್ವ ಅಂತನ ಬರೀರಿ.
ಪೆನ್ನಿನ್ಯಾಗ ಮಸಿ ಐತಿಲ್ಲ?"

ಅವಳ ಹೆಸರಿನ ಮೊದಲಕ್ಷರ ಈಗ ನನ್ನ ಹೆಸರಿನ ಮುಂದಿದೆ,
ಸಂಗ್ರಹಿಸಿದವರು ಎಂಬಲ್ಲಿ, ಒಣಗಿಸಿ ಅಂಟಿಸಿದ ಪ್ರತಿ ಹಾಳೆಯ ಮೂಲೆಗೆ.
ಕೇಂದ್ರಕದ ಜೀನು ಓದಿದರೆ ತಂದೆಯೂ ತಿಳಿದೀತು.
ಅದಕ್ಕೆ ಈ ವರ್ಷ ದುಡ್ಡಿಲ್ಲ.
ತಿಳಿಯಲೇಬೇಕೆಂದೇನೂ ಇಲ್ಲ;
ಆದರೂ ಗಿಡಗಳ ವಿಷಯದಲ್ಲಿ ನನಗೆ ಕುತೂಹಲವಿದೆ.

ನಿನ್ನೆ ರಾತ್ರಿ ಮಳೆ. ಕಿಟಕಿಯ ಹೊರಗಿಟ್ಟ ಎರಡು ಕುಂಡಗಳಲ್ಲಿ
ಹದಿನೇಳು ಬೆಳಗ್ಗೆ ಬೆರಳು ಬಿಚ್ಚಿತ್ತು.
ಹದಿನೆಂಟು ಇನ್ನೂ ಮುಷ್ಟಿ ಬಿಟ್ಟಿಲ್ಲ.
ಷರಾ ಎಂಬ ಕಲಮಿನಲ್ಲಿ ಬರೆದೆ:
ಬಾರ್‌ಕೋಡ್ ಒಂದೇ. ತಿಪ್ಪವ್ವ ಬೇರೆ ಎನ್ನುತ್ತಾಳೆ.